ಮಗಳು ಸೀರೆ ಅಂಗಡಿ ಸೇರಿದ್ದು

ಭಾನುವಾರ ಒಂಬತ್ತು ಗಂಟೆವರೆಗೆ ಮಲಗುವ ಹಕ್ಕು ನಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಇರಬೇಕು, ಅದು ನನಗೆ. ಚಳ್ಳಕೆರೆಯ ಕಡಲೆಕಾಯಿ ಮಂಡಿಯಲ್ಲಿ ಆರು ದಿನ ಗುಮಾಸ್ತಿಕೆ ಮಾಡಿ ಸಂಪಾದಿಸಿದ ಹಕ್ಕು. ಸೆಕೆಂಡ್ ಪಿಯುಸಿ ಓದುವ ಮಗಳು ಶಿಲ್ಪ ಅದರಲ್ಲೂ ಪಾಲಿಗೆ ಬಂದಾಗ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. (ನನ್ನ ದಿವ್ಯ ಆಲೋಚನೆ ಎಂದರೆ ಹೆಂಡತಿ ನಿರ್ಮಲಾ ಮೊದಲು ದೇವರಿಗೆ ದೀಪ ಹಚ್ಚುತ್ತಾಳೆ.)

"ನನ್ನ ಗೆಳೆಯ ಓಬಳಪ್ಪನ ಸೀರೆ ಅಂಗಡಿಗೆ ಭಾನುವಾರ ಕೆಲ್ಸಕ್ಕೆ ಹೋಗ್ಲಿ. ದುಡಿಮೆ ಅಂದ್ರೇನು ಅಂತ ಗೊತ್ತಾಗ್ತೈತೆ."

"ಓದು ಕೆಟ್ರೆ?"

"ಕೆಡಲ್ಲ ಬಿಡೇ!"

ಮೂರೇ ವಾರದಲ್ಲಿ ಹುಡುಗಿ ಬದಲಾದಳು. ನೆಂಟರನ್ನು ಕಂಡರೆ ಕೋಣೆ ಸೇರುತ್ತಿದ್ದವಳು ಈಗ ಬಾಗಿಲಲ್ಲೇ ನಿಂತು, "ಬರ್ರಿ, ಕೂತ್ಕೊಳ್ರಿ, ನೀರು ಕುಡೀತೀರಾ?" ಎನ್ನತೊಡಗಿದಳು. ಮೊಳಕಾಲ್ಮೂರಿನಿಂದ ಬಂದ ನಮ್ಮತ್ತೆ ಬೋರಕ್ಕನ ಜತೆ ತೆಲುಗಿನಲ್ಲೇ ಹರಟಿದಳು. (ಅಂಗಡಿಗೆ ಆಂಧ್ರದ ಗಿರಾಕಿಗಳೂ ಬರುತ್ತಾರೆ.) ಮೊದಲ ಸಂಬಳದಲ್ಲಿ ಅವ್ವನಿಗೆ ಸೀರೆ ತಂದಳು, ನನಗೆ ಅಲಾರಂ ಗಡಿಯಾರ!

ಆದರೂ ಮಂಡಿಯ ತುಂಬ ಮೀಸೆ ತಿರುವಿಕೊಂಡು ಓಡಾಡಿದೆ. ಅಷ್ಟರಲ್ಲಿ ಕಾಲೇಜಿನಿಂದ ಕಿರುಪರೀಕ್ಷೆಯ ಅಂಕಪಟ್ಟಿ ಬಂತು. ಅರ್ಥಶಾಸ್ತ್ರದಲ್ಲಿ ಅರ್ಥವೇನೂ ಇರಲಿಲ್ಲ. ಶಾಸ್ತ್ರಕ್ಕೆಂಬಂತೆ ನೂರಕ್ಕೆ ಇಪ್ಪತ್ತೆಂಟು ಇತ್ತು.

"ಭಾನುವಾರ ಇಡೀ ನಿಂತು, ಸೋಮವಾರ ಕ್ಲಾಸಿನಾಗೆ ನಿದ್ದೆ ಬರ್ತೈತಪ್ಪ. ಆದ್ರೂ ಕೆಲ್ಸ ಬಿಡಾಕೆ ಮನಸಿಲ್ಲ," ಎಂದು ಶಿಲ್ಪ ಕಣ್ಣೊರೆಸಿಕೊಂಡಳು.

"ಕಳ್ಸಿದೋರೇ ಹೋಗಿ ಬಿಡಿಸ್ಕೊಂಡ್ ಬರ್ರಿ," ಎಂದು ನಿರ್ಮಲಾ ರಾಜಾಜ್ಞೆ ಹೊರಡಿಸಿದಳು.

ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಓಬಳಪ್ಪ ತಲೆ ಮೇಲೆ ಕೈ ಹೊತ್ತ.

"ಮದುವೆ ಸೀಸನ್ ಕಣಪ್ಪಾ ಪಾಲಣ್ಣ! ಪರೀಕ್ಷೆ ಮುಗಿಯೋಗಂಟ ಅವಳ ಜಾಗ ಹಂಗೇ ಇಟ್ಟಿರ್ತೀನಿ. ಆದ್ರೆ ಅಲ್ಲೀಗಂಟ ಸೀರೆ ಮಡಚೋರು ಯಾರು?"

ಶಿಲ್ಪ ಗಿರಾಕಿಗಳಿಗೆ ತೋರಿಸುವ ಅದೇ ನಗೆ ಬೀರಿದಳು. "ಅಣ್ಣಾ, ನಮ್ಮಪ್ಪ ಭಾನುವಾರ ಪೂರ್ತಿ ಖಾಲಿ ಇರ್ತಾರೆ. ಕೈ ನೋಡ್ರಿ, ಎಷ್ಟುದ್ದ ಐತೆ! ಸೀರೆ ಮಡಚಾಕೆ ಹೇಳಿ ಮಾಡ್ಸಿದಂಗೈತೆ."

ಓಬಳಪ್ಪ ನನ್ನ ಕೈ ಹಿಡಿದು ಅಳತೆ ನೋಡಿದ. ಮಗಳು ನನ್ನನ್ನೇ ಮಾರಿಬಿಟ್ಟಿದ್ದಳು!

ಮೊದಲ ಭಾನುವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು. ಆಗ ಪಕ್ಕದ ಮನೆಯ ರಾಧಮ್ಮನ ಜತೆ ನಿರ್ಮಲಾ ಬಂದು ಗಾದಿಯ ಮೇಲೆ ವಿರಾಜಮಾನಳಾದಳು. ಮೊಳಕಾಲ್ಮೂರು ರೇಷ್ಮೆಯ ಒಂದೊಂದೇ ಸೀರೆ ಬಿಚ್ಚಿಸುತ್ತ ಹೋದಳು. ಮೂವತ್ತಾಯಿತು. "ಆ ಮೇಲಿನ ಸಾಲಿಂದು?" ನಲವತ್ತಾಯಿತು. ಕೊನೆಗೆ ಸೆರಗು ಕೊಡವಿ ಎದ್ದಳು.

"ಯಾವ್ದು ಕಟ್ಲಿ?" ಎಂದೆ, ಏದುಸಿರು ಬಿಡುತ್ತ.

"ಕೊಳ್ಳಾಕೆ ಬಂದಿಲ್ಲ ಕಣ್ರೀ. ನೀವು ಕೆಲ್ಸ ಮಾಡೋದನ್ನ ರಾಧಮ್ಮ ಇಷ್ಟು ವರ್ಷದಾಗೆ ಒಂದ್ಸಲಾನೂ ನೋಡಿರ್ಲಿಲ್ಲವಂತೆ. ಅದಕ್ಕೇ ಕರ್ಕೊಂಡ್ ಬಂದೆ!"