ಮಾವಶಿಯ ಮೂವತ್ತು ವಾರದ ಕೋರ್ಸು

ನಮ್ಮ ಮಾವಶಿ ಗದರಿದರೆ ಕೆಟ್ಟ ಕಂಪ್ಯೂಟರೂ ಎದ್ದು ಕೂರುತ್ತದೆ. ನಂಬುವುದಿಲ್ಲವೇ? ಅವ್ವನ ಈ ತಂಗಿ ಕಲಬುರಗಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಬೋಧನಾ ಸಹಾಯಕಿ. ಯಂತ್ರ ನಿಂತರೆ ಮೊದಲು ಬೈಯುತ್ತಾರೆ, ಆಮೇಲೆ ಪ್ಲಗ್ ನೋಡುತ್ತಾರೆ. ಎಷ್ಟೋ ಸಲ ಪ್ಲಗ್ಗಿನವರೆಗೆ ಹೋಗುವ ಪ್ರಸಂಗವೇ ಬರುವುದಿಲ್ಲ!

ಮದುವೆಯಾಗಿಲ್ಲ. ಕಮಲಾಪುರದಲ್ಲಿ ಒಬ್ಬರೇ ಇದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಕಳೆದ ವರ್ಷ ಸಹಾಯಕರೆಲ್ಲ ಕೃತಕ ಬುದ್ಧಿಮತ್ತೆಯ ಒಂದು ಆನ್‌ಲೈನ್ ಕೋರ್ಸ್ ಮಾಡಲೇಬೇಕೆಂದು ಪ್ರಿನ್ಸಿಪಾಲರು ಹೇಳಿದರು. ಮಾವಶಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದುಕೊಂಡು ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ನನ್ನ ರೂಮಿಗೆ ಬಂದರು.

"ಛಲೋದೊಂದು ಆರಿಸಿಕೊಡಪಾ."

ಮೊದಲ ಕೋರ್ಸಿನ ವಿಡಿಯೊ ಹಾಕಿದೆ.

"ಈ ಮನುಷ್ಯಾ ಕಣ್ಣೇ ಮಿಟಕಸವಲ್ಲ. ಇಂವನೂ ಕೃತಕನ ಇರಬೇಕು. ಬ್ಯಾಡ."

ಎರಡನೆಯವನು ಗಡಿಬಿಡಿಯಲ್ಲಿ ಮಾತಾಡಿದ. "ಇಂವಗೇನು ಬಸ್ ತಪ್ಪತದೇನು?"

ಮೂರನೆಯದು ನಿಜಕ್ಕೂ ಒಳ್ಳೆಯದು. ಆರೇ ವಾರ. ಬೇಕಾದಾಗ ನೋಡಿಕೊಳ್ಳಬಹುದು. ಮಾವಶಿ ಪರದೆಯನ್ನು ಬಹಳ ಹೊತ್ತು ನೋಡಿದರು.

"ಇದರಾಗ ಯಾರೂ ಇಲ್ಲಲ್ಲೋ. ಬರೇ ಚಿತ್ರ ಓಡಾಡ್ತಾವ."

ಕೊನೆಗೆ ಅವರೇ ಆರಿಸಿದ್ದು ಮೂವತ್ತು ವಾರದ ಕೋರ್ಸು. ಪ್ರತಿ ಭಾನುವಾರ ನಾಲ್ಕಕ್ಕೆ ನೇರ ಪಾಠ, ಹೆಸರು ಕೂಗಿ ಹಾಜರಿ ಬೇರೆ. ಅದರಲ್ಲಿ ಅರ್ಧದಷ್ಟು ಮಾವಶಿಯೇ ಲ್ಯಾಬಿನಲ್ಲಿ ಹುಡುಗರಿಗೆ ಹೇಳಿಕೊಡುವಂಥದ್ದು. ನನಗೆ ಸಿಟ್ಟು ಬಂತು.

"ಆರು ವಾರದಾಗ ಮುಗಿಯೋದು ಬಿಟ್ಟು ಇದ್ಯಾಕ್ರಿ ಮಾವಶಿ?"

"ಮುಗಿಸಿ ಎಲ್ಲಿಗೆ ಹೋಗಬೇಕಾಗೇದ?"

ಇಂಥವರ ಜೊತೆ ಯಾರು ವಾದ ಮಾಡುತ್ತಾರೆ? ಹೆಸರು ನೋಂದಾಯಿಸಿದೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ, ಹೇಳದೆ ಕೇಳದೆ ಕಮಲಾಪುರಕ್ಕೆ ಹೋದೆ. ಮಾವಶಿ ಇಳಕಲ್ ಸೀರೆ ಉಟ್ಟು, ಕುಂಕುಮ ತಿದ್ದಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ನಗು ಬಂತು. ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ಮಾಸ್ತರರು ಹಾಜರಿ ತೆಗೆದುಕೊಳ್ಳುತ್ತಿದ್ದರು. ಮಾವಶಿಯ ಹೆಸರು ಬಂತು. ಅವರು ಎದ್ದು ನಿಂತರು.

"ಬಂದೀನ್ರಿ ಸರ್."

ಕುಳಿತ ಮೇಲೆ ಮೈಕು ಬಂದ್ ಮಾಡಿ ನನ್ನ ಕಡೆ ತಿರುಗಿದರು. "ಲ್ಯಾಬಿನ್ಯಾಗ ಮೇಡಂ ಅಂತಾರ. ನೀವೆಲ್ಲಾ ಮಾವಶಿ ಅಂತೀರಿ. ನಿಮ್ಮವ್ವ ಹೋದ ಮ್ಯಾಲೆ ನನ್ನ ಹೆಸರು ಹಿಡದು ಕರಿಯೋರು ಯಾರೂ ಉಳಿದಿಲ್ಲ ನೋಡು."

ನಾನು ಚಿಕ್ಕವನು, ಹೆಸರು ಹಿಡಿದು ಕರೆಯಲು ಬರುವುದಿಲ್ಲ. ಅವ್ವ ಈ ಹೆಸರನ್ನು ಅಡುಗೆಮನೆಯಿಂದ ಎಳೆದು ಕೂಗುತ್ತಿದ್ದ ರೀತಿ ನೆನಪಾಯಿತು. ಪಾಠ ಶುರುವಾಯಿತು, ಮಾವಶಿಗೆ ಗೊತ್ತಿದ್ದದ್ದೇ. ನಾನೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಆ ಸಂಜೆ ಕಲಬುರಗಿಗೆ ಮರಳುವ ಬಸ್ಸಿಗೆ ಹೋಗಲಿಲ್ಲ.