ಸುಣ್ಣ ಹೊಡೆಯದ ಸ್ಟುಡಿಯೋ

ಬಂದ ಗಿರಾಕಿಯನ್ನು ಓಡಿಸಿಯೂ ಅಂಗಡಿ ನಡೆಸುವ ವಿದ್ಯೆ ಇಡೀ ಕುಶಾಲನಗರದಲ್ಲಿ ಒಬ್ಬರಿಗೇ ಗೊತ್ತು. ಅವರು ನಮ್ಮ ಚಿಕ್ಕಪ್ಪ. ಫೋಟೊ ಸ್ಟುಡಿಯೋ ಇಟ್ಟುಕೊಂಡು, ಫೋಟೊದಲ್ಲಿ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ ಎಂದು ಹಟ ಹಿಡಿದು ಕೂತಿರುವ ಮಹಾನುಭಾವ! ತಲೆ ಕೆಟ್ಟಿದೆ ಅನ್ನುವವರು ಅನ್ನಲಿ ಬಿಡಿ. ಒಂದು ಕಾಲಕ್ಕೆ ನಾನೂ ಅಂದವಳೇ.

ಅವರು ಫೋಟೊ ತಿದ್ದುವ ಒಳಕೋಣೆಗೆ ದೇವರಮನೆಗಿಂತ ಹೆಚ್ಚಿನ ಮಡಿ. ಗೋಡೆಗೆ ಬೂದು ಬಣ್ಣ, ಕಿಟಕಿಗೆ ಬೂದು ಪರದೆ, ಚಿಕ್ಕಪ್ಪನ ಮೈಮೇಲೆ ವರ್ಷವಿಡೀ ಬೂದು ಅಂಗಿ. ಯಾಕೆ ಅಂತೀರಾ? ಬಣ್ಣದ ಬಟ್ಟೆಯ ಛಾಯೆ ಮಾನಿಟರ್ ಮೇಲೆ ಬಿದ್ದರೆ ಕಣ್ಣು ಮೋಸ ಹೋಗುತ್ತದಂತೆ. ಒಂದು ದಿನ ಚಿಕ್ಕಮ್ಮ ಗಿಳಿಹಸಿರು ಸೀರೆ ಉಟ್ಟುಕೊಂಡು ಊಟಕ್ಕೆ ಕರೆಯಲು ಹೋದರು.

"ಅಲ್ಲೇ ನಿಲ್ಲೇ! ಮದುಮಗನ ಮುಖ ಹಸಿರಾಯ್ತು!"

"ನಿಮ್ಮನ್ನ ಕಟ್ಕೊಂಡ ದಿನ ನನ್ ಮುಖಾನೂ ಹಂಗೇ ಆಗಿತ್ತು. ಅದನ್ಯಾರು ಕೇಳಿದ್ರು?"

ಅಂದಿನಿಂದ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಹಳೇ ಬೂದು ಹೊದಿಕೆ ನೇತಾಡುತ್ತಿದೆ. ಲಗ್ನಪತ್ರಿಕೆ ಕೊಡಲು ಬಂದ ಬೀಗರೂ ನಡುಬೇಸಿಗೆಯಲ್ಲಿ ಅದನ್ನು ಹೊದ್ದುಕೊಂಡೇ ಒಳಗೆ ಹೋಗಬೇಕು!

ಇನ್ನು ಪ್ರತಿ ತಿಂಗಳ ಮೊದಲ ದಿನ ಮಾನಿಟರಿನ ಪರೀಕ್ಷೆ. ಮೊದಲು ಅರ್ಧ ಗಂಟೆ ಅದನ್ನು ಸುಮ್ಮನೆ ಉರಿಸಿ ಬೆಚ್ಚಗೆ ಮಾಡುತ್ತಾರೆ. ಆಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಕಪ್ಪು ಯಂತ್ರವನ್ನು ವೈರಿನ ಸಮೇತ ಮಾನಿಟರಿನ ಪರದೆಯ ಮೇಲೆ ಇಳಿಬಿಡುತ್ತಾರೆ. ಪರದೆ ಕೆಂಪಾಗುತ್ತದೆ, ಹಸಿರಾಗುತ್ತದೆ, ನೀಲಿಯಾಗುತ್ತದೆ. ಯಂತ್ರ ಒಂದೊಂದನ್ನೂ ಅಳೆದು, ಪರದೆ ಎಲ್ಲಿ ಸುಳ್ಳು ಹೇಳುತ್ತಿದೆ ಎಂದು ಪತ್ತೆ ಮಾಡಿ ತಿದ್ದುತ್ತದೆ. ಹೊರಗೆ ಕಾದವರಿಗೆ ಚಿಕ್ಕಮ್ಮನದು ಒಂದೇ ಉತ್ತರ: "ಸ್ವಲ್ಪ ಕೂತ್ಕಳಿ, ಕಂಪ್ಯೂಟರ್‌ಗೆ ಜ್ವರ ನೋಡ್ತಾವ್ರೆ." ಅರ್ಜೆಂಟ್ ಪಾಸ್‌ಪೋರ್ಟ್ ಫೋಟೊಗೆ ಬಂದವರು ಎದುರು ಸ್ಟುಡಿಯೋದಲ್ಲಿ ತೆಗೆಸಿಕೊಂಡು, ಅರ್ಜಿ ಕೊಟ್ಟು, ಊಟ ಮುಗಿಸಿ ಅದೇ ದಾರಿಯಲ್ಲಿ ವಾಪಸ್ ಹೋಗುವಾಗಲೂ ಆ ಜ್ವರ ಇಳಿದಿರುತ್ತಿರಲಿಲ್ಲ.

ಒಂದು ರೆಸಾರ್ಟಿನವರು ಜಾಹೀರಾತಿಗೆಂದು ಹಾರಂಗಿ ಹೊಳೆಯ ಫೋಟೊ ತೆಗೆಸಿದರು. ಮಳೆಗಾಲದ ಹೊಸ ನೀರು, ಕೆಂಪಗೆ ಚಹಾದ ಹಾಗಿತ್ತು.

"ಸ್ವಲ್ಪ ನೀಲಿ ಮಾಡ್ಕೊಡಿ ಸಾರ್. ಟೂರಿಸ್ಟ್ ಬರ್ಬೇಕಲ್ಲ?"

"ಬಂದೋರು ಕಣ್ಣು ಮುಚ್ಕೊಂಡು ನೋಡ್ತಾರೇನ್ರಿ?"

ರೆಸಾರ್ಟಿನವರು ಆಮೇಲೆ ಆ ರಸ್ತೆಗೇ ಕಾಲಿಡಲಿಲ್ಲ.

ಬಾಳೆಲೆ ಊರಿನ ಕಡೆಯ, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಮಗಳ ಮದುವೆ ಆಲ್ಬಮ್ ನೋಡಿ ಮುಖ ಸಣ್ಣ ಮಾಡಿಕೊಂಡರು. ಮಗಳೂ ಜೊತೆಯಲ್ಲೇ ಇದ್ದಳು. "ಸ್ವಲ್ಪ ಬೆಳ್ಳಗೆ ಮಾಡಿ ಸಾರ್, ಎಲ್ಲಾ ಕಡೆ ಮಾಡ್ತಾರೆ" ಅಂದರು. ಚಿಕ್ಕಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ನಿಮ್ ಮಗಳಿಗೆ ಏನು ಕಮ್ಮಿ ಆಗೈತೆ ಅಂತ ಸುಣ್ಣ ಹೊಡೀಲಿ? ಅವಳೇನು ಗೋಡೇನಾ?"

ರೈಟರ್ ಸಿಟ್ಟಿನಿಂದ ಹೊರಗೆ ಹೋದರು. ಮಗಳು ಮಾತ್ರ ಆಲ್ಬಮ್ಮನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದಳು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಕಪ್ಪು. ಅಮ್ಮನ ಬಣ್ಣವೇ ನನಗೆ ಬಂದದ್ದು. ನನ್ನ ಮದುವೆಯ ಫೋಟೊ ಕೆಲಸವನ್ನು ಚಿಕ್ಕಪ್ಪನಿಗೆ ಕೊಡಬೇಡಿ, ಎದುರು ಸ್ಟುಡಿಯೋಗೇ ಕೊಡಿ ಎಂದು ಹಟ ಮಾಡಿದವಳು ನಾನೇ! ಒಂದು ದಿನವಾದರೂ ಬೆಳ್ಳಗೆ ಕಾಣಬೇಕೆಂಬ ಆಸೆ. ಚಿಕ್ಕಪ್ಪ ಕ್ಯಾಮೆರಾ ಇಲ್ಲದೆ ಬಂದು, ಅಕ್ಷತೆ ಹಾಕಿ, ಊಟ ಮಾಡಿ ಹೋದರು. ಆಲ್ಬಮ್ ಬಂತು. ನಾನು ಅಕ್ಕಿಹಿಟ್ಟಿನಲ್ಲಿ ಬಿದ್ದೆದ್ದವಳ ಹಾಗಿದ್ದೆ, ಪಕ್ಕದಲ್ಲಿ ಅಮ್ಮನೂ ಹಾಗೇ. ಅವತ್ತು ಇಬ್ಬರೂ ನೋಡಿ ನೋಡಿ ಖುಷಿಪಟ್ಟೆವು.

ಹೋದ ವರ್ಷ ಅಮ್ಮ ತೀರಿಕೊಂಡಳು. ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೊ ಬೇಕಲ್ಲ? ಹುಡುಕಿದರೆ, ಅಮ್ಮ ನೆಟ್ಟಗೆ ಮುಖ ಕೊಟ್ಟು ನಿಂತಿದ್ದು ನನ್ನ ಮದುವೆಯಲ್ಲಿ ಮಾತ್ರ. ಚಿಕ್ಕಪ್ಪ ಎಷ್ಟು ಸಲ ಕರೆದರೂ "ನನ್ ಕರೀ ಮುಖಾನ ನೀನು ಕರ್ರಗೇ ತೆಗೀತೀಯ, ಬ್ಯಾಡ ಹೋಗಪ್ಪ" ಅಂತ ಓಡಿಹೋಗುತ್ತಿದ್ದಳು. ಎದುರು ಸ್ಟುಡಿಯೋದವರ ಹತ್ತಿರ ತಿದ್ದುವ ಮೊದಲಿನ ಫೋಟೊ ಉಳಿದಿರಲಿಲ್ಲ. ಮನೆಯವರು ಇದ್ದದ್ದನ್ನೇ ದೊಡ್ಡದು ಮಾಡಿಸಿ ತಂದರು. ನೋಡಿದರೆ ಯಾರೋ ಹೆಂಗಸು! ಅಮ್ಮನ ಸೀರೆ, ಅಮ್ಮನ ಮೂಗುಬೊಟ್ಟು, ಮುಖ ಮಾತ್ರ ಅಮ್ಮನದಲ್ಲ.

"ಬೆಳ್ಳಗೆ ಲಕ್ಷಣವಾಗಿ ಕಾಣ್ತಾವ್ಳಲ್ಲ, ಇರ್ಲಿ ಬಿಡೇ" ಅಂದರು ಸೋದರತ್ತೆ.

"ಆಗಲ್ಲ ಅತ್ತೆ. ಇವಳು ಯಾರೋ ನನಗೆ ಗೊತ್ತಿಲ್ಲ. ನನಗೆ ನನ್ನಮ್ಮ ಬೇಕು" ಎಂದು ಫೋಟೊ ಎತ್ತಿಕೊಂಡು ಸೀದಾ ಚಿಕ್ಕಪ್ಪನ ಸ್ಟುಡಿಯೋಗೆ ಹೋದೆ. ಯಾವ ಮುಖ ಇಟ್ಟುಕೊಂಡು ಕೇಳಲಿ ಎಂಬ ನಾಚಿಕೆಯಿಂದ ಬಾಗಿಲಲ್ಲೇ ಅತ್ತುಬಿಟ್ಟೆ. ಚಿಕ್ಕಪ್ಪ ಹಳೆಯ ಮಾತು ಎತ್ತಲಿಲ್ಲ. "ಬಾ ಮಗ, ಕೂತ್ಕೊ" ಅಂದರು.

ಫೋಟೊವನ್ನು ಸ್ಕ್ಯಾನ್ ಮಾಡಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ತಿದ್ದಿದರು. ಒಮ್ಮೆ ಅಮ್ಮ ಕೆಂಪಾದಳು, ಒಮ್ಮೆ ಮಂಕಾದಳು. ಹತ್ತಿರ ಬಂದಂತಾಗುವಳು, ಮತ್ತೆ ಯಾರೋ ಆಗಿಬಿಡುವಳು. ಕೊನೆಗೆ ಚಿಕ್ಕಪ್ಪ ಮೌಸ್ ಬಿಟ್ಟು ಕಣ್ಣುಜ್ಜಿಕೊಂಡರು.

"ಪರದೆ ಸರಿಯಾಗೈತೆ ಅಂತ ಯಂತ್ರ ಹೇಳ್ತದೆ. ಅತ್ತಿಗೆ ಹೆಂಗಿದ್ರು ಅಂತ ಅದಕ್ಕೇನು ಗೊತ್ತು? ಬಳೆ ತೆಗೆದು ನಿನ್ ಕೈ ಇಲ್ಲಿಡು."

ಅಮ್ಮನ ಕೆನ್ನೆಯ ಪಕ್ಕ, ಪರದೆಗೆ ತಾಗಿಸಿ ಕೈ ಇಟ್ಟೆ. ಅವರು ನನ್ನ ಕೈ ನೋಡಿದರು, ಅಮ್ಮನನ್ನು ನೋಡಿದರು, ಮತ್ತೆ ಕೈ ನೋಡಿದರು. ನೋಡುತ್ತ ನೋಡುತ್ತ ಹಿಟ್ಟು ಇಳಿಯಿತು. ಒಲೆಯ ಮುಂದೆ ಬೆವೆತು, "ಉಂಡ್ಯೇನೇ?" ಅಂತ ತಿರುಗಿ ನೋಡುತ್ತಿದ್ದ ಮುಖ ಬಂತು. ನನ್ನ ಕೈ ಎಲ್ಲಿ ಮುಗಿಯಿತು, ಅಮ್ಮ ಎಲ್ಲಿ ಶುರುವಾದಳು, ಗೊತ್ತಾಗಲಿಲ್ಲ.

"ಆಯ್ತು ಮಗ, ಕೈ ತೆಗಿ" ಅಂದರು ಚಿಕ್ಕಪ್ಪ.

ನಾನು ತೆಗೆಯಲಿಲ್ಲ. ಅವರೂ ಇನ್ನೊಂದು ಸಲ ಹೇಳಲಿಲ್ಲ.