ಒಂದು ಮನೆ, ಎರಡು ಒಲೆ ಮತ್ತು ತಮ್ಮ ದೂರದೃಷ್ಟಿ

ಅರಸೀಕೆರೆಯಲ್ಲಿ ಕಚೇರಿ ಇಟ್ಟುಕೊಂಡು ಸುತ್ತಮುತ್ತಲ ಊರುಗಳ ಕೂಡುಕುಟುಂಬಗಳಿಗೆ ಮನೆಯ ನಕ್ಷೆ ಬರೆದುಕೊಡುವ ಇಂಜಿನಿಯರ್ ಭೀಮರಾಜ್ ಅವರ ಸನ್ನಿಧಾನಕ್ಕೆ, ಕಣಕಟ್ಟೆಯ ತೆಂಗು ಬೆಳೆಗಾರ ಸಿದ್ದಬಸಪ್ಪನ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವು ಹದಿಮೂರು ಜನ ಕ್ಷೇಮ. ಹದಿನಾಲ್ಕನೆಯವರಾದ ನನ್ನ ತಾಯಿ ಶಿವಗಂಗಮ್ಮನವರು ನಮಗಿಂತ ಹೆಚ್ಚು ಕ್ಷೇಮವಾಗಿರುವುದೇ ಈ ಪತ್ರಕ್ಕೆ ಕಾರಣ. ಇದನ್ನು ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ತಾವು ಕಟ್ಟಿಸಿಕೊಟ್ಟ ಮನೆಯಲ್ಲಿ ಖಾಸಗಿ ಎನ್ನುವಂಥದ್ದು ಏನೂ ಉಳಿದಿಲ್ಲವಾದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ನಾಲ್ಕು ತಲೆಮಾರಿಗೂ ಹೊಂದುವ ಮನೆ ಬೇಕೆಂದು ನಾನೂ ನನ್ನ ತಮ್ಮ ಕುಮಾರಸ್ವಾಮಿಯೂ ತಮ್ಮ ಕಚೇರಿಗೆ ಬಂದ ದಿನ, ಮನೆಯಲ್ಲಿ ಯಾರು ಗೊರಕೆ ಹೊಡೆಯುತ್ತಾರೆ, ಯಾರಿಗೆ ಮಂಡಿನೋವು, ಯಾವ ಮಗುವಿಗೆ ಯಾವ ವರ್ಷ ಬೇರೆ ಕೋಣೆ ಬೇಕಾಗುತ್ತದೆ ಎಂದು ತಾವು ಕೇಳಿದ ಪ್ರಶ್ನೆಗಳನ್ನು ಹೆಣ್ಣು ಕೊಡುವವರೂ ಕೇಳುವುದಿಲ್ಲ. ಕೊನೆಗೆ, ಹತ್ತು ವರ್ಷದ ಮೇಲೆ ಈ ಮನೆಯಲ್ಲಿ ಎಷ್ಟು ಒಲೆ ಇರುತ್ತವೆ ಎಂದೂ ಕೇಳಿದಿರಿ. ಒಂದೇ ಎಂದು ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೇ ಹೇಳಿದೆವು. ತಾವು ನಕ್ಕು ಏನನ್ನೋ ಬರೆದುಕೊಂಡಿರಿ. ಏನು ಬರೆದಿರಿ ಎಂದು ಆಗಲೇ ಬಗ್ಗಿ ನೋಡದೇ ಹೋದದ್ದು ನನ್ನ ತಪ್ಪು.

ಮನೆಯೇನೋ ಸೊಗಸಾಗಿ ಎದ್ದಿತು. ನಡುಮನೆಯಲ್ಲಿ ಮಡಚುವ ಗೋಡೆ: ಬಿಡಿಸಿದರೆ ಮೂರು ಕೋಣೆ, ಮಡಚಿದರೆ ಅರವತ್ತು ಎಲೆ ಹಾಕುವಷ್ಟು ಜಾಗ. ಕೆಳಗೆ ತಾಯಿಗೆ ಅಗಲ ಬಾಗಿಲಿನ ಕೋಣೆ, ಮೇಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡಲು ಗಾಳಿಯಾಡುವ ಅಟ್ಟ. ಗೃಹಪ್ರವೇಶಕ್ಕೆ ಬಂದ ನೆಂಟರು ಆ ಗೋಡೆಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ, ಎರಡು ಚಕ್ರ ಮುರಿದು, ಉಂಡು ಹೋದರು. ಅದರ ಬಗ್ಗೆ ನನ್ನ ದೂರಿಲ್ಲ.

ದೂರು ಹುಟ್ಟಿದ್ದು ತಾಯಿಯ ಕೋಣೆಗೆ ಅಂಟಿಕೊಂಡ ಸ್ಟೋರ್ ರೂಮಿನಲ್ಲಿ. ಅಲ್ಲಿ ಗೋಡೆ ಒದ್ದೆಯಾಗುತ್ತಿದೆಯೆಂದು ತಮ್ಮ ಕೈಕೆಳಗೆ ಈ ಮನೆ ಕಟ್ಟಿದ ಗಾರೆ ಮೇಸ್ತ್ರಿ ಲಕ್ಕಪ್ಪನನ್ನೇ ಕರೆಸಿದೆವು. ಅವನು ಗಾರೆ ಕೆತ್ತಿದರೆ ಒಳಗೆ ಮುಚ್ಚಳ ಹಾಕಿದ ನೀರಿನ ಪೈಪು, ಕೆಳಗೆ ಬಚ್ಚಲ ನೀರು ಹೋಗುವ ಪೈಪು, ಮೇಲೆ ತೆಳು ಇಟ್ಟಿಗೆ ಮುಚ್ಚಿದ ಹೊಗೆಕಿಂಡಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ತಾಯಿ, “ಇದ್ಯಾಕೋ ಲಕ್ಕಪ್ಪ, ಇಲ್ಲಿ ನೀರು?” ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಪುಣ್ಯಾತ್ಮ, “ಮುಂದಕ್ಕೆ ಮಕ್ಳು ಪಾಲಾದ್ರೆ ಇನ್ನೊಂದು ಅಡುಗೆಮನೆ ಮಾಡ್ಕೊಳ್ಳೋಕೆ ಕಣವ್ವ. ಇಂಜಿನಿಯರ್ರು ಎಲ್ಲಾರ ಮನೇಲೂ ಇಡ್ಸಿರ್ತಾರೆ. ಹೇಳ್ಬ್ಯಾಡ ಅಂದಿದ್ರು,” ಎಂದುಬಿಟ್ಟ.

ಸ್ವಾಮಿ, ಅಪ್ಪ ತೀರಿಕೊಂಡ ಮೇಲಿನ ಹತ್ತೊಂಬತ್ತು ವರ್ಷಗಳಲ್ಲಿ ಪಾಲು ಎಂಬ ಮಾತು ನಮ್ಮ ಹೊಸ್ತಿಲು ದಾಟಿರಲಿಲ್ಲ. ತಾವು ಅದಕ್ಕೆ ನೀರಿನ ವ್ಯವಸ್ಥೆಯನ್ನೂ ಮಾಡಿಟ್ಟಿದ್ದಿರಿ. ಮರುದಿನದಿಂದಲೇ ನನ್ನ ಹೆಂಡತಿ ಪುಷ್ಪಲತಾ ಮತ್ತು ತಮ್ಮನ ಹೆಂಡತಿ ಪ್ರತಿಮಾ ಒಬ್ಬರಿಗೊಬ್ಬರು ಅತಿ ವಿನಯದಿಂದ ಮಾತಾಡತೊಡಗಿದರು. ದಿನಾ ಜಗಳವಾಡುತ್ತಿದ್ದ ವಾರಗಿತ್ತಿಯರು ವಿನಯಕ್ಕೆ ಬಂದರೆಂದರೆ ಮನೆಗೆ ಕೇಡು ಹತ್ತಿರವೆಂದು ನನಗೂ ಗೊತ್ತು. ನಾನಾದರೂ ಸುಮ್ಮನಿದ್ದೆನೇ? ಬೆಳಕಿರುವ ಮೂಡಣ ಭಾಗ ಯಾರ ಕಡೆಗೆ ಬರುತ್ತದೆಂದು ನೋಡಲು ತಮ್ಮ ನಕ್ಷೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ತೋಟದ ಪಂಪ್‌ಸೆಟ್ ಮನೆಗೆ ಹೋದೆ. ಅಲ್ಲಿ ಕುಮಾರಸ್ವಾಮಿ ಅದೇ ನಕ್ಷೆಯ ಜೆರಾಕ್ಸ್ ಹರಡಿಕೊಂಡು, ಅಳತೆ ಟೇಪು ಹಿಡಿದು ಕೂತಿದ್ದ. “ಸುಮ್ನೆ ನೋಡ್ತಿದ್ದೆ ಕಣಣ್ಣ,” ಎಂದ. “ನಾನೂ ಸುಮ್ನೆ ಬಂದೆ,” ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಮೋಟಾರನ್ನು ನೋಡಿ ವಾಪಸು ಬಂದೆವು.

ನಾಚಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆ ಸೋಮವಾರವೇ ಲಕ್ಕಪ್ಪನನ್ನು ಕರೆಸಿ, ಪೈಪು, ಕಿಂಡಿ ಎಲ್ಲವನ್ನೂ ಸಿಮೆಂಟಿನಿಂದ ಶಾಶ್ವತವಾಗಿ ಮುಚ್ಚಿಬಿಡು ಎಂದೆವು. ಅವನು ಗಾರೆ ಕಲಸಿ ಬರುವಷ್ಟರಲ್ಲಿ ತಾಯಿ ತಮ್ಮ ಕುರ್ಚಿಯನ್ನು ಆ ಗೋಡೆಗೇ ಒರಗಿಸಿಕೊಂಡು ಕೂತಿದ್ದರು.

“ಮುಟ್ಟಬ್ಯಾಡ ಕಣ್ಲಾ. ಪಾಲು ಆಗೋದೇ ಆದ್ರೆ ನಂದು ಮೊದ್ಲು ಆಗ್ಲಿ,” ಎಂದರು.

ನಾವು ನಕ್ಕೆವು. ಅವರು ನಗಲಿಲ್ಲ. “ಅರವತ್ತು ವರ್ಷ ಈ ಮನೆಗೆ ಬೇಯಿಸಿ ಹಾಕಿದೀನಿ. ಆರು ವರ್ಷದಿಂದ ನನ್ನ ಸಾರಿಗೆ ಒಂದು ಹರಳು ಉಪ್ಪು ಬೇಕಂದ್ರೂ ನಿಮ್ಮನ್ನ ಕೇಳ್ಬೇಕು. ನಂಗೂ ಒಂದು ಒಲೆ ಬೇಕು ಅಂತ ಆ ಇಂಜಿನಿಯರ್ರಿಗೆ ಹೊಳೀತು, ನಿಮಗೆ ಹೊಳೀಲಿಲ್ವಲ್ಲಪ್ಪ.”

ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು; ಪೂರ್ತಿ ಬಿಡಿಸಿದ್ದು ನಾನು. ಆ ಸಪ್ಪೆ ಸಾರನ್ನು ನಾವ್ಯಾರೂ ಒಂದು ದಿನವೂ ಬಾಯಿಗೆ ಹಾಕಿ ನೋಡಿರಲಿಲ್ಲ ಎಂಬುದು ಆಗ ನೆನಪಾಯಿತು. ಇದು ದೂರಿನ ಪತ್ರವಾದ್ದರಿಂದ ಆ ವಿಷಯವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಲಕ್ಕಪ್ಪ ನನ್ನ ಮುಖ ನೋಡಿದ, ತಾಯಿಯ ಮುಖ ನೋಡಿದ, ಕಲಸಿದ ಗಾರೆಯನ್ನು ಪಕ್ಕಕ್ಕಿಟ್ಟು ಪೈಪಿನ ಮುಚ್ಚಳ ಬಿಚ್ಚಿದ. ಮೂರೇ ದಿನದಲ್ಲಿ ಒಂದು ಕಲ್ಲಿನ ಕಟ್ಟೆ, ಒಂದು ನಲ್ಲಿ, ಒಂಟಿ ಬರ್ನರಿನ ಗ್ಯಾಸ್ ಒಲೆ ಬಂದವು. ಹೀಗೆ ಎಂಬತ್ನಾಲ್ಕನೆಯ ವಯಸ್ಸಿನಲ್ಲಿ ನನ್ನ ತಾಯಿ ಮಕ್ಕಳಿಂದ ಬೇರೆ ಹೋದರು, ಎಂಟು ಅಡಿ ದೂರಕ್ಕೆ.

ಮೊದಲ ದಿನ ಹುರುಳಿಕಾಳು ಬಸ್ಸಾರು ಮಾಡಿದರು. ಬೆಳ್ಳುಳ್ಳಿ ಒಗ್ಗರಣೆಯ ಘಮ ತಮ್ಮ ಮಡಚುವ ಗೋಡೆಯ ಸಂದುಸಂದಿನಿಂದ ನುಗ್ಗಿ ಊಟಕ್ಕೆ ಕೂತಿದ್ದ ನಮ್ಮ ತಟ್ಟೆಗಳ ಮೇಲೆ ನಿಂತಿತು. ಕುಮಾರಸ್ವಾಮಿ ಮುದ್ದೆಯ ತಟ್ಟೆ ಹಿಡಿದುಕೊಂಡೇ ಎದ್ದು ಹೋಗಿ ಬಾಗಿಲಲ್ಲಿ ನಿಂತ. “ಇದು ಬೇರೆ ಮನೆ ಕಣಪ್ಪ. ಕರೆದಾಗ ಬಾ,” ಎಂದು ತಾಯಿ ಬಾಗಿಲು ಮುಂದೆ ಮಾಡಿದರು. ಆದರೆ ಪುಷ್ಪಲತಾಳನ್ನೂ ಪ್ರತಿಮಾಳನ್ನೂ ಕರೆದರು. ಅಷ್ಟು ವರ್ಷ ಅವರಿಬ್ಬರಿಗೂ ಅತ್ತೆಯಾಗಿದ್ದವರು ಈಗ ಪಕ್ಕದ ಮನೆಯ ಹೆಂಗಸಾದದ್ದೇ ತಡ, ಮೂವರೂ ಹೇಗೆ ಹೊಂದಿಕೊಂಡರೆಂದರೆ, ವಾರಕ್ಕೆ ಮೂರು ದಿನ ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ, ನಗುತ್ತಾರೆ. ಯಾರ ಬಗ್ಗೆ ಎಂದು ಕೇಳಿದರೆ ಇನ್ನೂ ನಗುತ್ತಾರೆ. ನಮ್ಮ ಪಾಲಿನ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಮೂರು ದಿನ ದೊಡ್ಡ ಅಡುಗೆಮನೆಯಲ್ಲಿ ಅಣ್ಣತಮ್ಮಂದಿರು ಜೊತೆಯಾಗಿ ಮುದ್ದೆ ತಿರುವುತ್ತೇವೆ. ಅವನು ಹಿಟ್ಟು ಹಾಕುತ್ತಾನೆ, ನಾನು ಗಂಟು ಕಟ್ಟಿಸುತ್ತೇನೆ. ಕಳೆದ ತಿಂಗಳು ಡಾಕ್ಟರು ತಾಯಿಯ ಬಿಪಿ ನೋಡಿ, ಹೀಗೇ ಮುಂದುವರಿಸಿ ಎಂದರು. ಏನನ್ನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಬೆಳಕು ಬಿಡುವ, ಒಗ್ಗರಣೆ ಬಿಡದ ಒಂದು ಗೋಡೆಯನ್ನು ದಯಮಾಡಿ ಕಂಡುಹಿಡಿಯಬೇಕು. ಅದು ಆಗದಿದ್ದರೆ ಒಗ್ಗರಣೆಯ ಜೊತೆಗೆ ಒಂದು ಸೌಟು ಸಾರನ್ನೂ ಬಿಡುವ ಗೋಡೆಯಾದರೂ ಆದೀತು. ನಕ್ಷೆಯಲ್ಲಿ ಎಲ್ಲಿಯಾದರೂ ಯಜಮಾನ ಎಂದು ಬರೆದ ಜಾಗವಿದ್ದರೆ ಗುರುತು ಹಾಕಿ ಕಳಿಸಬೇಕು. ಮನೆಯೊಳಗೆ ಹುಡುಕಿದೆ, ಸಿಗಲಿಲ್ಲ. ನಿನ್ನೆ ತಾಯಿ, ಗುರುವಾರ ನೀನೂ ಬಾರಪ್ಪ ಎಂದು ನನ್ನನ್ನು ಮೊದಲ ಸಲ ಊಟಕ್ಕೆ ಕರೆದಿದ್ದಾರೆ. ಸ್ವಂತ ತಾಯಿಯ ಮನೆಗೆ ಬರಿಗೈಯಲ್ಲಿ ಹೋಗಬಹುದೋ, ಹಣ್ಣು ಒಯ್ಯಬೇಕೋ ಎಂದು ತಿಳಿಯದೆ ಒದ್ದಾಡುತ್ತಿದ್ದೇನೆ. ಈ ವಯಸ್ಸಿನಲ್ಲಿ ನನಗೆ ಇಂಥ ಸಂತೋಷ ತಂದುಕೊಟ್ಟದ್ದಕ್ಕೆ ತಮ್ಮನ್ನು ಸುಲಭವಾಗಿ ಕ್ಷಮಿಸಲಾರೆ.

ಇನ್ನೂ ತಮ್ಮ ನಕ್ಷೆಯೊಳಗೇ ವಾಸವಾಗಿರುವ, ಅರ್ಧ ವಿಶ್ವಾಸಿ,
ಸಿದ್ದಬಸಪ್ಪ
ಕಣಕಟ್ಟೆ

ಮರೆತಿದ್ದೆ: ಹೊಸ ಮನೆ ನೋಡುವ ನೆಪದಲ್ಲಿ ಮೊನ್ನೆ ತಮ್ಮ ತಾಯಿ ಮಹದೇವಮ್ಮನವರು ಇಲ್ಲಿಗೆ ಬಂದಿದ್ದರು. ನನ್ನ ತಾಯಿಯ ಜೊತೆ ಎರಡು ಗಂಟೆ ಬಾಗಿಲು ಹಾಕಿಕೊಂಡು ಮಾತಾಡಿ, ಎರಡು ಸಲ ಬಡಿಸಿಕೊಂಡು ಉಂಡು, ಹೋಗುವಾಗ ಲಕ್ಕಪ್ಪನ ಫೋನ್ ನಂಬರ್ ಬರೆದುಕೊಂಡು ಹೋಗಿದ್ದಾರೆ.